ಹಳೆ ಸೀರೆಯ ಕೌದಿ, ಹಳೆ ಟೀ ಶರ್ಟಿನ ಕಾಲೊರಸು
ಓದುಗರ ಪ್ರಶ್ನೆ – ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಬಟ್ಟೆಯ ಮಾತೇ ಹೆಚ್ಚು. ಆದ್ದರಿಂದ ಬಟ್ಟೆಗೇ ಹೆಚ್ಚು ಜಾಗ ಕೊಟ್ಟಿದ್ದೇವೆ. ಕಾಗದ, ಕರಟ, ಬಾಟಲಿ, ಬಕೆಟ್ಟು ಆಮೇಲೆ.

ಪ್ರಶ್ನೆ: ಅವ್ವನ ಹಳೆಯ ನೂಲಿನ ಸೀರೆಗಳು ಏಳೆಂಟು ಇವೆ. ಮನೆಬಾಗಿಲಿಗೆ ಬಂದು ಕೌದಿ ಹೊಲಿದುಕೊಡುತ್ತಿದ್ದವರು ಈಗ ನಮ್ಮ ಓಣಿಗೆ ಬರುವುದಿಲ್ಲ. ನಾನೇ ಹೊಲಿಯಲು ಹೋದರೆ ನಡುವೆ ಬಟ್ಟೆ ಉಬ್ಬಿ ನಿಲ್ಲುತ್ತದೆ. ಎಷ್ಟು ಸೀರೆ ಬೇಕು, ಎಲ್ಲಿ ತಪ್ಪುತ್ತಿದೆ? – ಧಾರವಾಡ

ಮೊದಲು ಸೀರೆಯ ಲೆಕ್ಕ. ಸಾಮಾನ್ಯ ಸೀರೆ ಐದೂವರೆ ಮೀಟರ್ ಉದ್ದ, ಸುಮಾರು 45 ಇಂಚು ಅಗಲ. ಅದನ್ನು ಅಡ್ಡಕ್ಕೆ ಮೂರು ಸಮಪಾಲು ಮಾಡಿದರೆ ಒಂದೊಂದೂ 6 ಅಡಿ ಉದ್ದ, ಕಾಲು ಅಡಿ ಕಡಿಮೆ ನಾಲ್ಕಡಿ ಅಗಲ ಬರುತ್ತದೆ. ಒಬ್ಬರು ಹೊದೆಯುವ ಕೌದಿಗೆ ಇದೇ ಸರಿಯಾದ ಅಳತೆ. ಅಂದರೆ ಒಂದು ಸೀರೆಗೆ ಮೂರು ಪದರ. ಬೇಸಿಗೆ, ಮಳೆಗಾಲಕ್ಕೆ ನಾಲ್ಕು ಪದರ ಸಾಕು. ಚಳಿಗೆ ಆರು, ಅಂದರೆ ಎರಡು ಸೀರೆ. ಅದಕ್ಕಿಂತ ದಪ್ಪ ಮಾಡಬೇಡಿ. ಸೂಜಿ ಇಳಿಯುವುದಿಲ್ಲ, ಒಗೆದರೆ ಒಳಪದರ ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ.

ಕತ್ತರಿ ಹಾಕುವ ಮುಂಚೆ ಪ್ರತಿ ಸೀರೆಯನ್ನೂ ಪರೀಕ್ಷಿಸಿ. ಎರಡು ಹೆಬ್ಬೆರಳುಗಳ ನಡುವೆ ಬಟ್ಟೆ ಹಿಡಿದು ಎಳೆಯಿರಿ. ಎಳೆಗಳು ಬಿಟ್ಟುಕೊಂಡರೆ ಆ ಸೀರೆ ಒಳಪದರಕ್ಕೆ ಮಾತ್ರ. ಗಟ್ಟಿ ಉಳಿದದ್ದು ಮೇಲಕ್ಕೆ ಮತ್ತು ಅಡಿಗೆ. ಗಂಜಿ ಹಾಕಿದ್ದರೆ ಬಿಸಿನೀರಲ್ಲಿ ನೆನೆಸಿ ಪೂರ್ತಿ ತೆಗೆಯಿರಿ. ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಉಜ್ಜಿ ಬಣ್ಣ ಬಿಡುತ್ತದೆಯೇ ನೋಡಿ. ಹಳೆಯದರ ಜೊತೆ ಹೊಸ ಬಟ್ಟೆ ಸೇರಿಸುವುದಾದರೆ ಹೊಸದನ್ನು ಎರಡು ಸಲ ಬಿಸಿನೀರಲ್ಲಿ ಒಗೆದು ಒಣಗಿಸಿರಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಅದು ಕುಗ್ಗಿ ಇಡೀ ಕೌದಿ ಸುಕ್ಕಾಗುತ್ತದೆ. ಪಾಲಿಯೆಸ್ಟರ್ ಸೀರೆ ಬೇಡವೇ ಬೇಡ. ಬೆವರು ಹೀರುವುದಿಲ್ಲ, ಪದರಗಳೂ ಒಂದರ ಮೇಲೊಂದು ಜಾರುತ್ತವೆ.

ಇನ್ನು ನಿಮ್ಮ ಉಬ್ಬಿನ ವಿಚಾರ. ಪದರಗಳನ್ನು ಬಿಗಿ ಮಾಡಿಕೊಳ್ಳದೆ ನಾಲ್ಕೂ ಕಡೆಯಿಂದ ಹೊಲಿಯುತ್ತ ಬಂದರೆ ಸಡಿಲವೆಲ್ಲ ನಡುವೆ ಬಂದು ಕೂರುತ್ತದೆ. ಅದಕ್ಕೆ ಕಚ್ಚಾ ಹೊಲಿಗೆಯನ್ನು ನಡುವಿನಿಂದ ಹೊರಕ್ಕೆ ಹಾಕಬೇಕು. ಅಡಿಯ ಬಟ್ಟೆಯನ್ನು ನೆಲದ ಮೇಲೆ ಎಳೆದು ಹಾಸಿ, ಮೂಲೆಗಳಿಗೆ ಭಾರ ಇಡಿ. ಒಳಪದರ ಮತ್ತು ಮೇಲುಪದರಗಳನ್ನು ಸುತ್ತಲೂ ಒಂದೂವರೆ ಇಂಚು ಕಡಿಮೆ ಕತ್ತರಿಸಿ ಹಾಸಿ. ಹೆಚ್ಚು ಉಳಿದ ಅಡಿಬಟ್ಟೆಯನ್ನು ಕೊನೆಯಲ್ಲಿ ಮೇಲಕ್ಕೆ ಮಡಿಸಿದರೆ ಅದೇ ಅಂಚಾಗುತ್ತದೆ. ಪ್ರತಿ ಪದರ ಹಾಸಿದಾಗಲೂ ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ. ಆಮೇಲೆ ನಟ್ಟನಡುವಿನಿಂದ ನಾಲ್ಕು ದಿಕ್ಕಿಗೆ, ನಂತರ ನಾಲ್ಕು ಮೂಲೆಗೆ, ಕೊನೆಗೆ ಗೇಣಿಗೊಂದರಂತೆ ಉದ್ದಕ್ಕೆ, ಎರಡಿಂಚಿನ ದೊಡ್ಡ ಹೊಲಿಗೆಯಲ್ಲಿ ಕಚ್ಚಾ ಹಾಕಿ. ಈ ಕೆಲಸಕ್ಕೆ ಅರ್ಧ ದಿನ ಹೋದರೂ ಬೇಸರ ಬೇಡ. ಕೌದಿ ಸಪಾಟಾಗಿ ಕೂರುವುದು ಇಲ್ಲೇ ತೀರ್ಮಾನವಾಗುತ್ತದೆ.

ಕಾಯಂ ಹೊಲಿಗೆಗೆ ದಪ್ಪ ನೂಲಿನ ದಾರ ಬೇಕು. ಸಾದಾ ದಾರವಾದರೆ ಎರಡೆಳೆ. ಒಂದು ಸಲಕ್ಕೆ ಒಂದು ಕೈಯುದ್ದ ಮಾತ್ರ ತೆಗೆದುಕೊಳ್ಳಿ, ಉದ್ದವಾದಷ್ಟೂ ದಾರ ಹುರಿಗೊಂಡು ಗಂಟಾಗುತ್ತದೆ. ಮೇಣದ ತುಂಡಿನ ಮೇಲೆ ಒಮ್ಮೆ ಎಳೆದರೆ ಸಲೀಸು. ಇಂಚಿಗೆ ಎರಡು ಹೊಲಿಗೆ, ಸಾಲಿನಿಂದ ಸಾಲಿಗೆ ಒಂದು ಬೆರಳಿನ ಅಂತರ. ಸೂಜಿಯ ಮೇಲೆ ಮೂರು ನಾಲ್ಕು ಹೊಲಿಗೆ ತೆಗೆದುಕೊಂಡು ಎಳೆದ ಮೇಲೆ ಹೊಲಿದ ಭಾಗವನ್ನು ಬೆರಳಿನಿಂದ ಸವರಿ ನೆರಿಗೆ ಬಿಡಿಸಿ. ಅರ್ಧ ಅಡಿಗೊಮ್ಮೆ ಒಂದು ಹೊಲಿಗೆಯನ್ನು ಹಿಂದಕ್ಕೆ ಹಾಕಿಬಿಡಿ. ಮುಂದೆ ದಾರ ಹರಿದರೂ ಅಷ್ಟು ಭಾಗ ಮಾತ್ರ ಬಿಚ್ಚುತ್ತದೆ.

ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕ್ರಮ ಬೇರೆ. ಅವರು ಮೂಲೆಯಿಂದ ಶುರುಮಾಡಿ, ತುಂಡು ಬಟ್ಟೆಗಳನ್ನು ಒಂದೊಂದಾಗಿ ಇಡುತ್ತ, ಅಂಚು ಮಡಿಸುತ್ತ, ಸುತ್ತುಹಾಕಿಕೊಂಡು ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಮಡಿಸಿ ಕೂರಿಸುವ ಮುಕ್ಕೋನದ ತುಂಡುಗಳಿಗೆ ಫೂಲ ಎನ್ನುತ್ತಾರೆ. ತುಂಡನ್ನು ಆಗಾಗಲೇ ಇಡುವುದರಿಂದ ಸಡಿಲ ಅಲ್ಲಲ್ಲೇ ಸರಿಹೋಗುತ್ತದೆ. ಬಹಳ ಚೆಂದದ ಕೆಲಸ ಅದು. ಆದರೆ ಅದಕ್ಕೆ ಕೈ ಪಳಗಿರಬೇಕು. ನಿಮ್ಮ ಮೊದಲ ಕೌದಿ ಇಡೀ ಸೀರೆಯದೇ ಆಗಲಿ. ಸೆರಗುಗಳನ್ನು ಎರಡನೆಯದಕ್ಕೆಂದು ಎತ್ತಿಡಿ.

ಪ್ರಶ್ನೆ: ಟೀ ಶರ್ಟುಗಳನ್ನು ಪಟ್ಟಿ ಮಾಡಿ ಜಡೆ ಹೆಣೆದು ದುಂಡನೆಯ ಕಾಲೊರಸು ಹೊಲಿದೆ. ಅದು ನೆಲಕ್ಕೆ ಕೂರದೆ ಬುಟ್ಟಿಯ ಹಾಗೆ ಎದ್ದು ನಿಂತಿದೆ. ಏಕೆ? – ಮೈಸೂರು

ಹೊಲಿಯುವಾಗ ಜಡೆಯನ್ನು ಎಳೆದು ಸುತ್ತಿದ್ದೀರಿ. ವೃತ್ತ ದೊಡ್ಡದಾಗುತ್ತ ಹೋದಂತೆ ಪ್ರತಿ ಸುತ್ತಿಗೂ ಹಿಂದಿನ ಸುತ್ತಿಗಿಂತ ಹೆಚ್ಚು ಜಡೆ ಬೇಕು. ಜಡೆಯ ಅಗಲ ಒಂದು ಇಂಚಾದರೆ ಆ ಹೆಚ್ಚುವರಿ ಸುಮಾರು ಆರೂಕಾಲು ಇಂಚು, ಮೊದಲ ಸುತ್ತಿನಿಂದ ಕಡೆಯ ಸುತ್ತಿನವರೆಗೂ ಅಷ್ಟೇ. ಅದಕ್ಕಿಂತ ಕಡಿಮೆ ಕೊಟ್ಟರೆ ಅಂಚು ಮೇಲೇಳುತ್ತದೆ, ಹೆಚ್ಚು ಕೊಟ್ಟರೆ ಅಲೆಯಲೆಯಾಗುತ್ತದೆ. ನಿಮ್ಮ ಕಾಲೊರಸನ್ನು ಪೂರ್ತಿ ಬಿಚ್ಚಬೇಕಿಲ್ಲ. ಎಲ್ಲಿಂದ ಏಳಲು ಶುರುವಾಗಿದೆಯೋ ಅಲ್ಲಿಯವರೆಗೆ ಬಿಚ್ಚಿ. ಮುಂದೆ ಕೈಯಲ್ಲಿ ಹಿಡಿದು ಹೊಲಿಯದೆ ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟುಕೊಂಡು, ಹೊರಗಿನ ಜಡೆಯನ್ನು ಒಳಕ್ಕೆ ಸ್ವಲ್ಪ ತಳ್ಳುತ್ತ ಹೊಲಿಯಿರಿ. ಮೊದಲ ನಾಲ್ಕೈದು ಸುತ್ತಿನಲ್ಲಿ ಈ ಎಚ್ಚರ ಬಹಳ ಮುಖ್ಯ.

ಹೊಸದಾಗಿ ಮಾಡುವವರಿಗೆ ಅಳತೆ: ಎರಡು ಅಡಿ ಅಡ್ಡಳತೆಯ ಕಾಲೊರಸಿಗೆ ಇಂಚಗಲದ ಜಡೆ 38 ಅಡಿ ಬೇಕು. ಹೆಣೆಯುವಾಗ ಉದ್ದ ಕುಗ್ಗುವುದರಿಂದ ಮೂರೆಳೆಗೂ ಸೇರಿ 160 ಅಡಿ ಪಟ್ಟಿ ಇಟ್ಟುಕೊಳ್ಳಿ. ದೊಡ್ಡವರ ಟೀ ಶರ್ಟು ಆರೇಳು ಆಗುತ್ತದೆ. ಕಂಕುಳಿನ ಕೆಳಗೆ ಅಡ್ಡಕ್ಕೆ ಕತ್ತರಿಸಿ, ಕೆಳಗಿನ ಹೆಮ್ಮಿಂಗ್ ತೆಗೆದು, ಎರಡಿಂಚು ಅಗಲಕ್ಕೆ ಸುರುಳಿಯಾಗಿ ಕತ್ತರಿಸುತ್ತ ಹೋದರೆ ಒಂದೇ ಉದ್ದ ಪಟ್ಟಿ ಸಿಗುತ್ತದೆ. ಎಳೆದರೆ ತಾನಾಗಿಯೇ ಸುರುಳಿ ಸುತ್ತಿಕೊಳ್ಳುತ್ತದೆ. ದಪ್ಪ ರಬ್ಬರಿನಂಥ ಪ್ರಿಂಟ್ ಇರುವ ಭಾಗ ಸುತ್ತಿಕೊಳ್ಳುವುದಿಲ್ಲ, ಅದನ್ನು ಬಿಟ್ಟುಬಿಡಿ. ಪಟ್ಟಿಗೆ ಪಟ್ಟಿ ಸೇರಿಸುವಾಗ ಗಂಟು ಹಾಕಬೇಡಿ, ಕಾಲಿಗೆ ಒತ್ತುತ್ತದೆ. ಎರಡರ ತುದಿಯಲ್ಲೂ ಸಣ್ಣ ಸೀಳು ಮಾಡಿ, ಒಂದರ ಸೀಳಿನೊಳಗೆ ಇನ್ನೊಂದನ್ನು ತೂರಿಸಿ, ಅದರ ಬಾಲವನ್ನು ಅದರದೇ ಸೀಳಿನಲ್ಲಿ ಎಳೆಯಿರಿ. ಮೂರೆಳೆಗಳನ್ನು ಬೇರೆ ಬೇರೆ ಉದ್ದದಿಂದ ಶುರು ಮಾಡಿದರೆ ಜೋಡಣೆಗಳು ಒಂದೇ ಕಡೆ ಬಂದು ದಪ್ಪವಾಗುವುದಿಲ್ಲ. ನಯವಾದ ಟೈಲ್ಸ್ ನೆಲವಾದರೆ ಅಡಿಗೆ ಹಳೆಯ ಯೋಗ ಮ್ಯಾಟಿನ ತುಂಡು ಹೊಲಿಯಲೇಬೇಕು. ವಯಸ್ಸಾದವರಿರುವ ಮನೆಯಲ್ಲಿ ಜಾರುವ ಕಾಲೊರಸು ಅಪಾಯ.

ಪ್ರಶ್ನೆ: ಅತ್ತೆಯವರ ರೇಷ್ಮೆ ಸೀರೆ ಮಡಿಕೆಯಲ್ಲೆಲ್ಲ ಬಿಟ್ಟುಕೊಂಡಿದೆ. ಅಂಚು ಚೆನ್ನಾಗಿದೆ. ಐದು ವರ್ಷದ ಮಗಳಿಗೆ ಲಂಗ ಹೊಲಿಸಬಹುದೇ? – ತುಮಕೂರು

ಹೊಲಿಸಬಹುದು, ಆದರೆ ಕತ್ತರಿಸುವ ಮೊದಲು ಜರಿ ನೋಡಿ. ಒಳಬದಿಯಿಂದ ಒಂದಿಂಚಿನ ಜರಿ ಎಳೆ ಬಿಡಿಸಿ ಬೆಂಕಿಗೆ ಹಿಡಿದರೆ ಪ್ಲಾಸ್ಟಿಕ್ ಜರಿ ಮುದುಡಿ ಕರಗುತ್ತದೆ. ಲೋಹದ ಜರಿ ಕರಗುವುದಿಲ್ಲ, ಒಳಗಿನ ನೂಲು ಮಾತ್ರ ಸುಟ್ಟು ತೆಳ್ಳನೆಯ ತಂತಿ ಉಳಿಯುತ್ತದೆ. ಅದು ಕೆಂಪಗಿದ್ದರೆ ತಾಮ್ರ, ಬೆಳ್ಳಗಿದ್ದರೆ ಬೆಳ್ಳಿ ಇರಬಹುದು. ಹಳೆಯ ಅಸಲಿ ಜರಿಯಲ್ಲಿ ಬೆಳ್ಳಿ ಇರುವುದರಿಂದ ಅದಕ್ಕೆ ಬೆಲೆಯುಂಟು. ನಂಬಿಕೆಯ ಅಕ್ಕಸಾಲಿಗರಿಗೆ ತೋರಿಸಿ, ಆಮೇಲೆ ನಿರ್ಧರಿಸಿ.

ಲಂಗಕ್ಕೆ ಅಂಚಿನ ಕಡೆಯಿಂದ 24 ಇಂಚು ಎತ್ತರ, ಎರಡರಿಂದ ಎರಡೂವರೆ ಮೀಟರ್ ಉದ್ದ ಸಾಕು. ನಿಮ್ಮ ಮಗಳ ಸೊಂಟದಿಂದ ಪಾದದವರೆಗೆ ಅಳೆದು ಎರಡಿಂಚು ಸೇರಿಸಿಕೊಳ್ಳಿ. ಜೀರ್ಣವಾದ ರೇಷ್ಮೆ ಎಳೆತ ತಾಳದು. ಆದ್ದರಿಂದ ಹಿಂಬದಿಗೆ ಪೂರ್ತಿ ತೆಳು ಮಲ್ ಬಟ್ಟೆ ಕೊಡಿಸಿ, ಎರಡನ್ನೂ ಒಟ್ಟಿಗೆ ನೆರಿಗೆ ಹಿಡಿಸಿ, ಸೊಂಟಪಟ್ಟಿಯನ್ನು ನೂಲಿನ ಬಟ್ಟೆಯದೇ ಮಾಡಿಸಿ. ದರ್ಜಿಗೆ ಎರಡು ಮಾತು ಹೇಳಿ: ಸೂಜಿ ಸಣ್ಣದಿರಲಿ, ಹೊಲಿಗೆ ಉದ್ದವಿರಲಿ. ಒತ್ತೊತ್ತಾದ ಹೊಲಿಗೆ ಹಳೆ ರೇಷ್ಮೆಯಲ್ಲಿ ತೂತಿನ ಸಾಲು ಮಾಡುತ್ತದೆ, ಆ ಗೆರೆಗುಂಟವೇ ಬಟ್ಟೆ ಸೀಳುತ್ತದೆ. ಬಿಟ್ಟುಕೊಂಡ ಮಡಿಕೆಗಳು ನೆರಿಗೆಯೊಳಗೆ ಹೋಗುವ ಹಾಗೆ ಹೊಂದಿಸಿದರೆ ಕಣ್ಣಿಗೆ ಬೀಳುವುದಿಲ್ಲ.

ಉಳಿದ ರೇಷ್ಮೆ ಸೀರೆಗಳಿಗೂ ಇದೇ ಗತಿ ಬರಬಾರದೆಂದರೆ ವರ್ಷಕ್ಕೆ ಎರಡು ಮೂರು ಸಲ ಹೊರತೆಗೆದು ಮಡಿಕೆ ಬದಲಿಸಿ. ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಮಡಿಸಿಟ್ಟರೆ ಎಳೆ ಅಲ್ಲೇ ಮುರಿಯುತ್ತದೆ.

ಪ್ರಶ್ನೆ: ದಿನಪತ್ರಿಕೆಯ ಕೊಳವೆಗಳಿಂದ ಬುಟ್ಟಿ ಹೆಣೆದರೆ ಮೆತ್ತಗಾಗಿ ಕುಸಿಯುತ್ತದೆ, ಜಿರಳೆಯೂ ತಿನ್ನುತ್ತದೆ. – ಶಿವಮೊಗ್ಗ

ಕೊಳವೆ ಸಡಿಲವಾಗಿದೆ. ಪುಟವನ್ನು ಉದ್ದಕ್ಕೆ ನಾಲ್ಕಿಂಚಿನ ಪಟ್ಟಿ ಮಾಡಿ, ಸೈಕಲ್ಲಿನ ಸ್ಪೋಕ್ ಕಡ್ಡಿಯನ್ನು ಮೂಲೆಯಲ್ಲಿ ಓರೆಯಾಗಿಟ್ಟು ಬಿಗಿಯಾಗಿ ಸುತ್ತಿ, ಕೊನೆಯ ಮೂಲೆಗೆ ಮಾತ್ರ ಗೋಂದು ಹಚ್ಚಿ. ಕಡ್ಡಿಯನ್ನು ಹೆಚ್ಚು ನೆಟ್ಟಗೆ ಹಿಡಿದರೆ ಕೊಳವೆ ಗಿಡ್ಡವಾಗಿ ದಪ್ಪವಾಗುತ್ತದೆ. ಒಂದು ತುದಿ ಸಣ್ಣಗಿದ್ದರೆ ಅದನ್ನು ಇನ್ನೊಂದರ ದಪ್ಪ ತುದಿಯೊಳಗೆ ತೂರಿಸಿ ಉದ್ದ ಮಾಡಬಹುದು. ಆರಿಂಚು ಅಗಲ, ಆರಿಂಚು ಎತ್ತರದ ಬುಟ್ಟಿಗೆ 60ರಿಂದ 80 ಕೊಳವೆ ಬೇಕು. ಒಂದೇ ಎಳೆಯಲ್ಲಿ ಸುತ್ತಿ ಹೆಣೆಯುವುದಾದರೆ ನಿಲುಗಡ್ಡಿಗಳ ಸಂಖ್ಯೆ ಬೆಸವಾಗಿರಲಿ, 15 ಅಥವಾ 17. ಸಮಸಂಖ್ಯೆಯಾದರೆ ಎರಡನೆಯ ಸುತ್ತಿನಲ್ಲೂ ಎಳೆ ಅದೇ ಕಡ್ಡಿಗಳ ಮುಂದೆ ಬಂದು ಹೆಣಿಗೆ ಹಿಡಿತ ತಪ್ಪುತ್ತದೆ. ಬಾಗಿಸುವ ಕಡೆ ಒದ್ದೆ ಬಟ್ಟೆಯಿಂದ ತುಸು ಒರೆಸಿದರೆ ಕೊಳವೆ ಸೀಳುವುದಿಲ್ಲ.

ಹೆಣೆದು ಒಂದು ದಿನ ಒಣಗಿದ ಮೇಲೆ ಫೆವಿಕಾಲ್ ಮತ್ತು ನೀರು ಸಮಪಾಲು ಬೆರೆಸಿ ಒಳಗೂ ಹೊರಗೂ ಎರಡು ಕೋಟು, ಅದರ ಮೇಲೆ ವಾರ್ನಿಷ್ ಒಂದು ಕೋಟು. ಬುಟ್ಟಿಗೆ ಬಿಗಿ ಬರುವುದು ಇದರಿಂದ. ಜಿರಳೆಗೆ ಕಾರಣ ಮೈದಾ ಗೋಂದು. ಅದನ್ನೇ ಬಳಸುವುದಾದರೆ ವಾರ್ನಿಷ್ ಎಲ್ಲೂ ಬಿಟ್ಟುಹೋಗದಂತೆ ನೋಡಿಕೊಳ್ಳಿ, ಬುಡದ ಕೆಳಭಾಗವನ್ನು ಬಹಳ ಜನ ಮರೆಯುತ್ತಾರೆ. ಈ ಬುಟ್ಟಿಯಲ್ಲಿ ತಿನ್ನುವ ಪದಾರ್ಥ ಇಡಬೇಡಿ. ಮುದ್ರಣದ ಶಾಯಿ ಹೊಟ್ಟೆಗೆ ಹೋಗಬಾರದು.

ಪ್ರಶ್ನೆ: ತೆಂಗಿನ ಕರಟದಿಂದ ಸೌಟು ಮಾಡುವಾಗ ಸೀಳುತ್ತದೆ. – ಕುಂದಾಪುರ

ಮೊಳೆ ಹೊಡೆದು ತೂತು ಮಾಡುತ್ತಿದ್ದರೆ ಸೀಳದೆ ಇರುವುದಿಲ್ಲ. ಸಣ್ಣ ಡ್ರಿಲ್ಲಿನಿಂದ ಮೂರು ಮಿಲಿಮೀಟರ್ ತೂತು ಕೊರೆದು, ದುಂಡು ಅರದಿಂದ ನಿಧಾನಕ್ಕೆ ದೊಡ್ಡದು ಮಾಡಿ. ಕಣ್ಣಿಲ್ಲದ ಹೋಳನ್ನೇ ಆರಿಸಿ, ಕಣ್ಣಿನ ಹೋಳು ಸೋರುತ್ತದೆ. ಅಂಚಿನಿಂದ ಅರ್ಧ ಇಂಚು ಕೆಳಗೆ ಎದುರುಬದುರಾಗಿ ಎರಡು ತೂತು. ಹಿಡಿಯ ಕಡೆಯದು ಕಡ್ಡಿಯಷ್ಟೇ, ಆಚೆಯದು ತುಸು ಚಿಕ್ಕದು. ತುದಿ ಸವೆಸಿದ ಬಿದಿರು ಅಥವಾ ಅಡಿಕೆ ದಬ್ಬೆಯ ಕಡ್ಡಿ ಎರಡರಲ್ಲೂ ಹಾದು ಬಿಗಿಯಾಗಿ ಕೂರುತ್ತದೆ, ಅಂಟು ಬೇಡ. ಹೊರಗಿನ ನಾರನ್ನು ಚಾಕುವಿನಿಂದ ಕೆರೆದು 80, 120, 220 ನಂಬರಿನ ಸ್ಯಾಂಡ್‌ಪೇಪರಿನಲ್ಲಿ ಕ್ರಮವಾಗಿ ಉಜ್ಜಿ. ನೆರಳಲ್ಲಿ ಒಣಗಿಸಿ ಕೊಬ್ಬರಿ ಎಣ್ಣೆ ಸವರಿ. ಬಿಸಿಲಿಗಿಟ್ಟರೆ ಮತ್ತೆ ಬಿರುಕು.

ಪ್ರಶ್ನೆ: ದಾರ ಸುತ್ತಿ ಬೆಂಕಿ ಹಚ್ಚಿ ಗಾಜಿನ ಬಾಟಲಿ ಕತ್ತರಿಸಿ ನೀರು ಕುಡಿಯುವ ಲೋಟ ಮಾಡಬಹುದೇ? – ಬೆಂಗಳೂರು

ಬೇಡ. ಬಿಸಿಯಿಂದ ಥಟ್ಟನೆ ತಣ್ಣಗಾದಾಗ ಗಾಜು ಒಡೆಯುವುದೇ ಆ ವಿಧಾನದ ಗುಟ್ಟು. ಗೆರೆಯ ಆಚೀಚೆಯೂ ಕಾಣದ ಬಿರುಕುಗಳು ಉಳಿದಿರುತ್ತವೆ, ಮುಂದೊಂದು ದಿನ ಬಿಸಿನೀರು ಹಾಕಿದಾಗ ಚೂರು ಏಳುತ್ತದೆ. ಬಾಟಲಿಯನ್ನು ಇಡಿಯಾಗಿಯೇ ಬಳಸಿ. ಮನಿಪ್ಲಾಂಟಿನ ಬಳ್ಳಿ ನೀರಿನಲ್ಲಿ ಸುಲಭವಾಗಿ ಬೇರು ಬಿಡುತ್ತದೆ.

ಪ್ರಶ್ನೆ: 20 ಲೀಟರಿನ ಪೇಂಟ್ ಬಕೆಟ್ಟಿನಲ್ಲಿ ಟೊಮೆಟೊ ಹಾಕಿದರೆ ಬೇರು ಕೊಳೆಯುತ್ತದೆ. ತಳದಲ್ಲಿ ತೂತು ಮಾಡಿದ್ದೇನೆ. – ಹಾಸನ

ಬಕೆಟ್ಟಿನ ತಳ ನೆಲಕ್ಕೆ ಅಂಟಿ ಕೂತಿರುತ್ತದೆ, ನೀರಿಗೆ ದಾರಿಯೇ ಇಲ್ಲ. ತಳದ ತೂತುಗಳ ಜೊತೆಗೆ ಪಕ್ಕದ ಗೋಡೆಯಲ್ಲಿ ತಳಕ್ಕೆ ತಾಗಿದಂತೆ ಸುತ್ತಲೂ ಆರು ತೂತು ಮಾಡಿ, ಕಿರುಬೆರಳು ಹೋಗುವಷ್ಟು. ಎರಡು ಇಟ್ಟಿಗೆ ತುಂಡಿನ ಮೇಲೆ ಎತ್ತಿ ಕೂರಿಸಿ. ಕಾಯಿಸಿದ ಕಬ್ಬಿಣದ ಕಡ್ಡಿಯಿಂದ ತೂತು ಮಾಡುವುದಾದರೆ ಬಯಲಿನಲ್ಲಿ ಮಾಡಿ, ಹೊಗೆ ಉಸಿರಾಡಬೇಡಿ. ತೂತುಗಳಿಗೆ ಒಳಗಿನಿಂದ ತೆಂಗಿನ ನಾರು ಮುಚ್ಚಿದರೆ ಮಣ್ಣು ಕೊಚ್ಚಿಹೋಗುವುದಿಲ್ಲ. ಬರೀ ಕೆಮ್ಮಣ್ಣು ತುಂಬಿದ್ದರೆ ಅದೂ ಗಟ್ಟಿಯಾಗಿ ನೀರು ಹಿಡಿದಿಡುತ್ತದೆ. ಮಣ್ಣು, ಕೊಟ್ಟಿಗೆ ಗೊಬ್ಬರ, ಕೋಕೋಪೀಟ್ ಸಮಪಾಲು ಬೆರೆಸಿ. ನೀರು ಬೆರೆಸಿ ಬಳಸುವ ಡಿಸ್ಟೆಂಪರ್, ಎಮಲ್ಶನ್ ಬಕೆಟ್ಟುಗಳನ್ನು ಒಣಗಿದ ಬಣ್ಣ ಪೂರ್ತಿ ಕೆರೆದು ತೊಳೆದು ಬಳಸಬಹುದು. ಎನಾಮಲ್, ಪ್ರೈಮರ್, ಕೀಟನಾಶಕದ ಡಬ್ಬಗಳಲ್ಲಿ ತಿನ್ನುವ ಗಿಡ ಬೇಡ. ಕೀಟನಾಶಕದ ಡಬ್ಬವನ್ನಂತೂ ಯಾವ ಕೆಲಸಕ್ಕೂ ಉಳಿಸಿಕೊಳ್ಳಬೇಡಿ.