‘ಎ ಫನಿ ಥಿಂಗ್ ಹ್ಯಾಪನ್ಡ್ ಆನ್ ದ ವೇ ಟು ದ ಫೋರಮ್’ ನಾಟಕದಲ್ಲಿ ಯಾರು ಯಾರಿದ್ದಾರೆ?

1962ರಲ್ಲಿ ನ್ಯೂಯಾರ್ಕಿನ ರಂಗಮಂದಿರಗಳ ಬೀಡಾದ ಬ್ರಾಡ್‌ವೇಗೆ ಬಂದ ಸಂಗೀತ ಪ್ರಹಸನ ಇದು. ಹಾಡುಗಳು ಸ್ಟೀಫನ್ ಸಾಂಡ್‌ಹೈಮ್ ಅವರದು. ಕಥೆಯ ಎಳೆಗಳು ಪ್ರಾಚೀನ ರೋಮಿನ ನಾಟಕಕಾರ ಪ್ಲಾಟಸ್‌ನವು.

ಎಲ್ಲರನ್ನೂ ಕುಣಿಸುವವನು ಸೂಡಲಸ್. ಬಾಯಿಬಡುಕ, ಸುಳ್ಳ, ಗುಲಾಮ. ಅವನಿಗೆ ಬೇಕಿರುವುದು ಬಿಡುಗಡೆ. ಯಜಮಾನನ ಮಗ ಹೀರೋ (ಅವನ ಹೆಸರೇ ಅದು) ಪಕ್ಕದ ಮನೆಯ ಫಿಲಿಯಾಳಿಗೆ ಮನಸೋತಿದ್ದಾನೆ. ಅವಳನ್ನು ದೊರಕಿಸಿಕೊಟ್ಟರೆ ಬಿಡುಗಡೆ ಎಂದು ಇಬ್ಬರ ನಡುವೆ ಕರಾರು. ಆದರೆ ಆ ಪಕ್ಕದ ಮನೆ ಲೈಕಸ್ ಎಂಬ ತಲೆಹಿಡುಕನದು. ಅವನು ಅವಳನ್ನು ಆಗಲೇ ಮೈಲ್ಸ್ ಗ್ಲೋರಿಯೋಸಸ್ ಎಂಬ ಬಡಾಯಿ ಸೇನಾನಿಗೆ ಮಾರಿಯಾಗಿದೆ. ಸಾಲದ್ದಕ್ಕೆ ಹೀರೋನ ಅಪ್ಪ ಸೀನೆಕ್ಸ್‌ಗೂ ಅವಳ ಮೇಲೆ ಕಣ್ಣು. ಹೆಂಡತಿ ಡೊಮಿನಾ ಎದುರು ಮಾತ್ರ ಈ ಮುದುಕ ಗಡಗಡ.

ನನಗೆ ಅಚ್ಚುಮೆಚ್ಚು ಹಿಸ್ಟೀರಿಯಂ, ಮನೆಯ ಮುಖ್ಯ ಗುಲಾಮ, ಸದಾ ಗಾಬರಿ. ಸೇನಾನಿಯನ್ನು ಸಾಗಹಾಕಲು ಫಿಲಿಯಾ ಸತ್ತಳೆಂದು ಕಥೆ ಕಟ್ಟಿ, ಇವನಿಗೇ ಹೆಣ್ಣುವೇಷ ಹಾಕಿ ಹೆಣವಾಗಿ ಮಲಗಿಸುತ್ತಾರೆ! ಮೊದಲು ಪ್ರೇಮಿಗಳು ಹಾಡಿದ್ದ ‘ಲವ್ಲಿ’ ಹಾಡು ಈ ವೇಷಕ್ಕೆ ಮತ್ತೆ ಬರುವಾಗ ನಗು ತಡೆಯುವುದು ಕಷ್ಟ.

ಕಡಲ್ಗಳ್ಳರು ಕದ್ದೊಯ್ದ ಮಕ್ಕಳನ್ನು ಹುಡುಕುವ ಎರೋನಿಯಸ್ ಆಗಾಗ ರಂಗ ದಾಟಿ ಹೋಗುತ್ತಿರುತ್ತಾನೆ. ಸಣ್ಣ ಪಾತ್ರವೆಂದು ಬಿಡಬೇಡಿ, ಕೊನೆಯ ಗಂಟು ಬಿಚ್ಚುವುದು ಅವನಿಂದಲೇ. ಸೈನಿಕರು, ಗುಲಾಮರು ಇತ್ಯಾದಿ ಚಿಲ್ಲರೆ ವೇಷಗಳೆಲ್ಲ ಪ್ರೋಟಿಯನ್ಸ್ ಎಂಬ ಮೂವರ ಪಾಲು.

ಅಂದಹಾಗೆ, ಬ್ರಾಡ್‌ವೇಯಲ್ಲಿ ಸೂಡಲಸ್ ಆಗಿ ನಟಿಸಿದ ಝೀರೋ ಮೋಸ್ಟೆಲ್, 1972ರಲ್ಲಿ ಫಿಲ್ ಸಿಲ್ವರ್ಸ್, 1996ರಲ್ಲಿ ನೇಥನ್ ಲೇನ್ ಮೂವರಿಗೂ ಬ್ರಾಡ್‌ವೇ ರಂಗಭೂಮಿಯ ದೊಡ್ಡ ಗೌರವವಾದ ಟೋನಿ ಪ್ರಶಸ್ತಿ ಬಂತು.