ಛಾಯಾಗ್ರಹಣ ಪ್ರಶ್ನೋತ್ತರ: ಲೆನ್ಸ್ ಕೊಳ್ಳುವ ಮೊದಲು ಚಿತ್ರವನ್ನು ಓದಿ

ಪ್ರಶ್ನೆ: ನನ್ನ ಬಳಿ ಕ್ರಾಪ್ ಸೆನ್ಸರ್‌ನ (ಬೆಳಕು ಹಿಡಿಯುವ ಫಲಕ ಚಿಕ್ಕದಾಗಿರುವ) ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ ಮತ್ತು ಅದರ ಜೊತೆಗೇ ಬಂದ 18–55 ಮಿ.ಮೀ. ಲೆನ್ಸ್ ಇವೆ. ರಾತ್ರಿಯ ಯಕ್ಷಗಾನದ ಚಿತ್ರಗಳನ್ನು ತೆಗೆಯುವುದು ನನ್ನ ಹವ್ಯಾಸ. ಚಿತ್ರಗಳೆಲ್ಲ ಮಸುಕಾಗಿ ಬರುತ್ತಿವೆ. ದೊಡ್ಡ ಸೆನ್ಸರ್‌ನ ಫುಲ್ ಫ್ರೇಮ್ ಕ್ಯಾಮೆರಾ ಕೊಳ್ಳದೆ ಇದು ಸರಿಹೋಗದು ಎಂದು ಗೆಳೆಯರು ಹೇಳುತ್ತಾರೆ. ಮೂರು ಚಿತ್ರಗಳನ್ನು ಕಳುಹಿಸಿದ್ದೇನೆ.
— ಓದುಗರೊಬ್ಬರು, ಪುತ್ತೂರು

ಉತ್ತರ: ಚಿತ್ರಗಳನ್ನು ಕಳುಹಿಸಿದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ ಮೂರೂ ಮಸುಕಾಗಿದ್ದರೂ ಮೂರರ ಕಾರಣಗಳು ಬೇರೆ ಬೇರೆ. ಮೊದಲನೆಯದರಲ್ಲಿ ಭಾಗವತರ ಮುಂದಿನ ಮೈಕು ಸ್ಪಷ್ಟವಾಗಿದೆ, ವೇಷಧಾರಿಯ ಕೈಗಳು ಮಾತ್ರ ಕದಡಿವೆ. ಅಂದರೆ ಕ್ಯಾಮೆರಾ ಅಲುಗಾಡಿಲ್ಲ, ಶಟರ್ ವೇಗ ಸಾಲದಾಗಿದೆ. ಎರಡನೆಯದರಲ್ಲಿ ದೀಪ, ಕಂಬ, ಕಿರೀಟ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತೆ ಕಾಣುತ್ತವೆ. ಅದು ಕೈ ಅಲುಗಿದ್ದರ ಗುರುತು. ಮೂರನೆಯದರಲ್ಲಿ ಹಿಂದಿನ ಪರದೆಯ ನೇಯ್ಗೆಯೂ ಎಣಿಸುವಷ್ಟು ಸ್ಪಷ್ಟವಾಗಿದ್ದು ಮುಖ ಮಾತ್ರ ಮಬ್ಬಾಗಿದೆ. ಫೋಕಸ್ ಪರದೆಯ ಮೇಲೆ ಕೂತಿದೆ. ಮೂರನೆಯ ದೋಷ ಎಷ್ಟು ಬೆಲೆಯ ಕ್ಯಾಮೆರಾ ಕೊಂಡರೂ ತಾನಾಗಿ ಹೋಗುವುದಿಲ್ಲ.

ಮೊದಲ ಚಿತ್ರದ ಮಾಹಿತಿಯಲ್ಲಿ ಎಫ್/5.6, 1/40 ಸೆಕೆಂಡು, ಐಎಸ್‌ಒ 1600 ಎಂದಿದೆ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ, ಅಂದರೆ ಅಪರ್ಚರ್, ದೊಡ್ಡದು; ಐಎಸ್‌ಒ ಎಂದರೆ ಬೆಳಕಿಗೆ ಕ್ಯಾಮೆರಾದ ಸಂವೇದನೆ. ನಿಮ್ಮ ಲೆನ್ಸ್ 55 ಮಿ.ಮೀ.ಗೆ ಹೋದಾಗ ಎಫ್/5.6ಕ್ಕಿಂತ ಹೆಚ್ಚು ತೆರೆದುಕೊಳ್ಳದು. ಹೆಚ್ಚುಕಡಿಮೆ ಎಲ್ಲ ಕಂಪನಿಗಳಲ್ಲೂ ಅಗ್ಗದ ಬೆಲೆಗೆ ಸಿಗುವ 50 ಮಿ.ಮೀ. ಎಫ್/1.8 ಲೆನ್ಸ್ ಇದರ ಸುಮಾರು ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಅದನ್ನು ಎಫ್/2.2ಕ್ಕೆ ಇಟ್ಟುಕೊಂಡು ಐಎಸ್‌ಒ 3200 ಮಾಡಿದರೆ ಅದೇ ರಂಗಸ್ಥಳದಲ್ಲಿ, ಅದೇ ದೀಪಗಳಡಿಯಲ್ಲಿ, 1/500 ಸೆಕೆಂಡಿನ ಶಟರ್ ವೇಗ ನಿಮಗೆ ದಕ್ಕುತ್ತದೆ. ಫುಲ್ ಫ್ರೇಮ್ ಸೆನ್ಸರ್‌ನ ಲಾಭ ಇದೇ ಲೆಕ್ಕದಲ್ಲಿ ಎರಡು ಪಟ್ಟಿಗಿಂತ ತುಸು ಹೆಚ್ಚು, ಅಷ್ಟೆ. ಆದ್ದರಿಂದ ಗೆಳೆಯರ ಸಲಹೆಯನ್ನು ಸದ್ಯಕ್ಕೆ ಬದಿಗಿಡಿ. ಕ್ರಾಪ್ ಸೆನ್ಸರ್‌ನಲ್ಲಿ ಈ ಲೆನ್ಸಿನ ನೋಟ ಫುಲ್ ಫ್ರೇಮಿನ 75 ಅಥವಾ 80 ಮಿ.ಮೀ.ಗೆ ಸಮನಾಗುವುದರಿಂದ ಮುಂದಿನ ಸಾಲುಗಳ ಬದಿಯಲ್ಲಿ ಜಾಗ ಹಿಡಿದುಕೊಂಡರೆ ಒಬ್ಬ ವೇಷಧಾರಿಯ ಪೂರ್ಣ ಆಕೃತಿ ಚೌಕಟ್ಟಿನೊಳಗೆ ಬರುತ್ತದೆ.

ಹೊಸ ಲೆನ್ಸ್ ತನ್ನದೇ ಆದ ಕಷ್ಟವನ್ನೂ ತರುತ್ತದೆ. ಅಪರ್ಚರ್ ಪೂರ್ತಿ ತೆರೆದಾಗ ಸ್ಪಷ್ಟತೆಯ ವಲಯ ಬಹಳ ತೆಳುವಾಗುವುದರಿಂದ ಕಿರೀಟದ ಮುಂಭಾಗದ ಮಣಿಗಳು ಸ್ಪಷ್ಟವಾಗಿ ಕಣ್ಣುಗಳು ಮಬ್ಬಾಗಿ ಉಳಿಯಬಹುದು. ಎಲ್ಲ ಫೋಕಸ್ ಬಿಂದುಗಳನ್ನೂ ಕ್ಯಾಮೆರಾದ ಇಚ್ಛೆಗೆ ಬಿಡದೆ ಒಂದೇ ಬಿಂದುವನ್ನು ಆರಿಸಿ ಕಣ್ಣಿನ ಮೇಲಿಡಿ. ಹಿನ್ನೆಲೆ ಕತ್ತಲಾಗಿರುವುದರಿಂದ ಕ್ಯಾಮೆರಾದ ಮೀಟರು ಬೆಳಕು ಸಾಲದೆಂದು ಭಾವಿಸಿ ಹೆಚ್ಚಿಸುತ್ತದೆ, ಆಗ ಮುಖವರ್ಣಿಕೆಯ ಸೂಕ್ಷ್ಮ ಗೆರೆಗಳೆಲ್ಲ ಅಳಿಸಿಹೋಗುತ್ತವೆ. ರಂಗಸ್ಥಳದ ಬೆಳಕು ಹೆಚ್ಚು ಬದಲಾಗದಿದ್ದರೆ ಒಮ್ಮೆ ಮುಖಕ್ಕೆ ಹೊಂದಿಸಿಕೊಂಡು ಮ್ಯಾನ್ಯುಯಲ್‌ನಲ್ಲಿಯೇ ಮುಂದುವರಿಯಿರಿ. ಕೆಂಪು ವಸ್ತ್ರಗಳ ನೆರಿಗೆ ಕಾಣೆಯಾಗುತ್ತಿದ್ದರೆ ಹಿಸ್ಟೋಗ್ರಾಂನಲ್ಲಿ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆಯಲ್ಲಿ) ಕೆಂಪು ಬಣ್ಣದ ಪಟ್ಟಿಯನ್ನು ಪ್ರತ್ಯೇಕವಾಗಿ ನೋಡಿ. ಮೂರು ಬಣ್ಣಗಳ ಒಟ್ಟು ಪಟ್ಟಿಯಲ್ಲಿ ಆ ದೋಷ ಅಡಗಿರುತ್ತದೆ. ನಮ್ಮ ವಿದ್ಯುತ್ತು 50 ಹರ್ಟ್ಜ್ ಆದ್ದರಿಂದ ಕೆಲವು ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, ಶಟರ್ ವೇಗ ಹೆಚ್ಚಿದಾಗ ಚಿತ್ರದಲ್ಲಿ ಅಡ್ಡಪಟ್ಟೆಗಳು ಮೂಡುತ್ತವೆ. ಕ್ಯಾಮೆರಾದಲ್ಲಿ ಆ್ಯಂಟಿ ಫ್ಲಿಕರ್ ಸೌಲಭ್ಯವಿದ್ದರೆ ಬಳಸಿ, ಇಲ್ಲವಾದರೆ ನಿಂತ ಭಂಗಿಗಳಿಗೆ 1/100 ಸಾಕು.

ದಿಗಿಣ ಹಾರುವಾಗ ದೇಹ ಮೇಲೇರಿ ತುದಿ ಮುಟ್ಟುವ ಕ್ಷಣದಲ್ಲಿ ಅದರ ಮೇಲ್ಮುಖ ವೇಗ ಶೂನ್ಯವಾಗುತ್ತದೆ. ಆ ಕ್ಷಣಕ್ಕೆ ಗುಂಡಿ ಒತ್ತಿದರೆ 1/250ರಲ್ಲೂ ಮುಖ ನಿಲ್ಲುತ್ತದೆ. ಸುತ್ತು ಹಾಕುವಾಗ ಅಂಥ ನಿಲುಗಡೆಯ ಕ್ಷಣ ಇರುವುದಿಲ್ಲ. ಯಾವಾಗ ಏನು ಬರುತ್ತದೆಂದು ಚೆಂಡೆಯ ನುಡಿತವೇ ಮುಂಚಿತವಾಗಿ ತಿಳಿಸುತ್ತದೆ, ಆದ್ದರಿಂದ ಕಿವಿಯನ್ನು ಅತ್ತ ಕೊಟ್ಟಿರಿ. ಫ್ಲ್ಯಾಶ್ ಮಾತ್ರ ಬೇಡವೇ ಬೇಡ. ಕಲಾವಿದರ ಕಣ್ಣಿಗೂ ಪ್ರೇಕ್ಷಕರ ರಸಾನುಭವಕ್ಕೂ ಅದು ತೊಂದರೆ.

ಪ್ರಶ್ನೆ: ನಾವು ಕೆಲವು ಹವ್ಯಾಸಿಗಳು ತಿಂಗಳಿಗೊಮ್ಮೆ ಸೇರಿ ಚಿತ್ರಗಳನ್ನು ತೋರಿಸಿಕೊಳ್ಳುತ್ತೇವೆ, ನಡುವೆ ವಾಟ್ಸ್‌ಆ್ಯಪ್‌ನಲ್ಲೂ ಹಂಚಿಕೊಳ್ಳುತ್ತೇವೆ. ಎಲ್ಲರೂ ‘ಸೂಪರ್’ ಎನ್ನುತ್ತಾರೆ. ಹಿರಿಯರೊಬ್ಬರು ಮಾತ್ರ ‘ಕಾಂಪೊಸಿಷನ್ ಸರಿಯಿಲ್ಲ’ ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಇದರಿಂದ ಕಲಿಯುವುದು ಹೇಗೆ? ರಂಗನತಿಟ್ಟಿನಲ್ಲಿ ತೆಗೆದ ಒಂದು ಚಿತ್ರವನ್ನೂ, ಅದಕ್ಕೆ ಗೆಳೆಯರು ಹೇಳಿದ್ದನ್ನೂ ಲಗತ್ತಿಸಿದ್ದೇನೆ.
— ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ಪ್ರಶ್ನೆಗೆ ಈ ಸಂಚಿಕೆಯಲ್ಲಿ ಹೆಚ್ಚು ಜಾಗ ಕೊಡುತ್ತಿದ್ದೇನೆ, ಏಕೆಂದರೆ ಹವ್ಯಾಸಿಯ ಬೆಳವಣಿಗೆ ನಿಂತುಹೋಗುವುದು ಬಹುಮಟ್ಟಿಗೆ ಇಲ್ಲಿಯೇ. ಬರಿಯ ಹೊಗಳಿಕೆಯಿಂದಾಗಲಿ, ಕಾರಣ ಹೇಳದ ತೆಗಳಿಕೆಯಿಂದಾಗಲಿ ಮುಂದಿನ ಸಲ ಏನು ಬದಲಿಸಬೇಕೆಂದು ತಿಳಿಯುವುದಿಲ್ಲ. ನಿಮ್ಮ ಸಭೆಯಲ್ಲಿ ಒಂದು ಪದ್ಧತಿ ಮಾಡಿಕೊಳ್ಳಿ: ಚಿತ್ರ ತೆಗೆದವರು ಅದನ್ನು ಮುಂದಿಟ್ಟು ಮೌನವಾಗಿರಲಿ. ಉಳಿದವರು ಮೊದಲು ತಮ್ಮ ಕಣ್ಣು ಎಲ್ಲಿಗೆ ಹೋಯಿತು, ಆಮೇಲೆ ಎಲ್ಲಿ ಸಿಕ್ಕಿಕೊಂಡಿತು ಎಂಬುದನ್ನಷ್ಟೇ ಹೇಳಲಿ. ಒಳ್ಳೆಯದು ಕೆಟ್ಟದ್ದು ಎಂಬ ತೀರ್ಪು ಆ ಬಳಿಕ ಬರಲಿ. ಕೊನೆಯಲ್ಲಿ ಚಿತ್ರ ತೆಗೆದವರು ತಾವು ತೋರಿಸಬಯಸಿದ್ದೇನು ಎಂಬುದನ್ನು ತಿಳಿಸಲಿ. ತೋರಿಸಬಯಸಿದ್ದಕ್ಕೂ ನೋಡಿದವರಿಗೆ ಕಂಡದ್ದಕ್ಕೂ ನಡುವೆ ಎಷ್ಟು ಅಂತರವಿದೆಯೋ ಅಷ್ಟು ಕೆಲಸ ಬಾಕಿಯಿದೆ. ಬೆಳಿಗ್ಗೆ ಐದಕ್ಕೆ ಎದ್ದು ಹೋದ ಕಷ್ಟವನ್ನು ಮೊದಲೇ ಹೇಳಿಬಿಟ್ಟರೆ ಸ್ನೇಹಿತರು ಆ ಕಷ್ಟಕ್ಕೆ ಮರ್ಯಾದೆ ಕೊಡುತ್ತಾರೆಯೇ ಹೊರತು ಚಿತ್ರವನ್ನು ನೋಡುವುದಿಲ್ಲ.

ಈಗ ನಿಮ್ಮ ಚಿತ್ರಕ್ಕೆ ಬರೋಣ. ಕಾವೇರಿಯ ನಡುವಿನ ಬಂಡೆಯ ಮೇಲೆ ಚಮಚಕೊಕ್ಕಿನ ಬಿಳಿ ಹಕ್ಕಿ ನಿಂತಿದೆ, ಹಿಂದೆ ಕಡುಹಸಿರು. ಒಬ್ಬರು ಎಡಗಡೆ ಕತ್ತರಿಸಿ ಎಂದಿದ್ದಾರೆ, ಇನ್ನೊಬ್ಬರು ಶಾರ್ಪ್ ಇಲ್ಲ ಎಂದಿದ್ದಾರೆ, ಮೂರನೆಯವರು ಎದೆಯ ಗರಿಗಳು ಕಾಣುತ್ತಿಲ್ಲ ಎಂದಿದ್ದಾರೆ. ಮೂರನೆಯವರ ಮಾತಿಗೆ ನೀವು ಉತ್ತರಿಸಿಯೇ ಇಲ್ಲ. ನನ್ನ ದೃಷ್ಟಿಯಲ್ಲಿ ಅದೇ ಎಲ್ಲಕ್ಕಿಂತ ಬೆಲೆಯುಳ್ಳ ಮಾತು. ಎಡಗಡೆ ಕತ್ತರಿಸುವುದು ಮನೆಯಲ್ಲಿ ಯಾವಾಗ ಬೇಕಾದರೂ ಆಗುವ ಕೆಲಸ. ಬೆಳಕು ಹೆಚ್ಚಾಗಿ ಸುಟ್ಟುಹೋದ ಬಿಳಿಯನ್ನು ಮನೆಯಲ್ಲಿ ಮರಳಿ ತರಲಾಗದು, ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ರಾ ಫೈಲಿನಲ್ಲಿಯೂ ಅದಕ್ಕೊಂದು ಮಿತಿಯಿದೆ. ಕಡುಬಣ್ಣದ ಹಿನ್ನೆಲೆಯೇ ಚೌಕಟ್ಟಿನ ಬಹುಭಾಗವನ್ನು ತುಂಬಿದ್ದರಿಂದ ಕ್ಯಾಮೆರಾ ಅದನ್ನು ನಡುಬಣ್ಣಕ್ಕೆ ತರಲು ಹೋಗಿ ಹಕ್ಕಿಗೆ ಬೆಳಕು ಹೆಚ್ಚು ಮಾಡಿದೆ. ಅಲ್ಲಿಯೇ ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಕ್ಯಾಮೆರಾ ಆರಿಸಿದ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಸೌಲಭ್ಯ) ಅನ್ನು ಮೈನಸ್ 2/3 ಅಥವಾ ಮೈನಸ್ 1ಕ್ಕೆ ಇಳಿಸಬೇಕಿತ್ತು. ಅದೇ ಹಕ್ಕಿ ಹತ್ತಿರ ಬಂದು ಚೌಕಟ್ಟನ್ನೆಲ್ಲ ತುಂಬಿದರೆ ತಿರುಗುಮುರುಗು: ಬಿಳಿ ಬೂದಾಗುತ್ತದೆ, ಪ್ಲಸ್ ಕಡೆಗೆ ಹೋಗಬೇಕಾಗುತ್ತದೆ. ಪರದೆಯಲ್ಲಿ ಸುಟ್ಟ ಬಿಳಿಯನ್ನು ಮಿನುಗಿಸಿ ಎಚ್ಚರಿಸುವ ಸೌಲಭ್ಯವನ್ನು ದೋಣಿ ಹತ್ತುವ ಮೊದಲೇ ತೆರೆದಿಟ್ಟುಕೊಳ್ಳಿ. ಹೀಗೆ ಪ್ರತಿ ಅಭಿಪ್ರಾಯವನ್ನೂ ಮನೆಯಲ್ಲಿ ತಿದ್ದಬಹುದಾದದ್ದು, ಸ್ಥಳದಲ್ಲಿಯೇ ಮಾಡಬೇಕಾದದ್ದು ಎಂದು ಬೇರ್ಪಡಿಸಿ ಬರೆದಿಟ್ಟರೆ ಎರಡನೆಯ ಪಟ್ಟಿಯೇ ನಿಮ್ಮ ಮುಂದಿನ ಅಭ್ಯಾಸದ ಪಟ್ಟಿಯಾಗುತ್ತದೆ.

ಶಾರ್ಪ್ ಇಲ್ಲ ಎಂದವರ ಮಾತನ್ನು ಒಪ್ಪುವ ಮೊದಲು ಅವರು ನೋಡಿದ್ದೇನು ಎಂದು ಕೇಳಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಎಂದೇ ಕಳುಹಿಸಿದರೆ ಅದು ಕುಗ್ಗಿ ಹೋಗುತ್ತದೆ, ಅಂಥ ಪ್ರತಿಯ ಮೇಲೆ ಗರಿಯ ಸ್ಪಷ್ಟತೆಯನ್ನು ಚರ್ಚಿಸುವುದು ವ್ಯರ್ಥ. ಡಾಕ್ಯುಮೆಂಟ್ ಎಂದು ಆರಿಸಿ ಕಳುಹಿಸಿ. ಅದಕ್ಕಿಂತಲೂ ಒಳ್ಳೆಯದು ಎಂಟು ಹನ್ನೆರಡು ಅಂಗುಲದ ಒಂದು ಪ್ರಿಂಟ್ ಹಾಕಿಸಿ ಸಭೆಗೆ ತರುವುದು. ಪ್ರಿಂಟ್ ಎದುರಿಗಿದ್ದಾಗ ಜನ ಬೆರಳಿಟ್ಟು ಮಾತಾಡುತ್ತಾರೆ, ಬೆರಳು ನಿಂತ ಜಾಗ ನಿಮಗೆ ನೆನಪಿರುತ್ತದೆ.

ಹಿರಿಯರ ವಿಷಯ. ಅವರು ಸುಮ್ಮನಾಗುತ್ತಾರೆಂದು ಬೇಸರಪಡುವ ಬದಲು ‘ಸರ್, ನಿಮ್ಮ ಕಣ್ಣಿಗೆ ಮೊದಲು ಕಂಡದ್ದು ಯಾವುದು?’ ಎಂದು ವಿನಯದಿಂದ ಕೇಳಿ. ಅನೇಕರಿಗೆ ದೋಷ ತಟ್ಟನೆ ಕಾಣುತ್ತದೆ, ಅದನ್ನು ಮಾತಿನಲ್ಲಿ ಬಿಡಿಸಿ ಹೇಳುವ ಅಭ್ಯಾಸವಿರುವುದಿಲ್ಲ. ಪ್ರಶ್ನೆ ಖಚಿತವಾದಷ್ಟೂ ಉತ್ತರ ಖಚಿತವಾಗುತ್ತದೆ. ನಮ್ಮ ನಾಡಿನ ವನ್ಯಜೀವಿ ಛಾಯಾಗ್ರಹಣ ಬೆಳೆದದ್ದೇ ಹಿರಿಯರ ಪಕ್ಕದಲ್ಲಿ ಕೂತು ಚಿತ್ರ ನೋಡುವ ಈ ಪರಂಪರೆಯಿಂದ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ (1932–2017) ತಮ್ಮ ಚಿತ್ರಗಳಿಗೆ ಎಷ್ಟು ಹೆಸರಾಗಿದ್ದರೋ ಕಿರಿಯರನ್ನು ತಿದ್ದಿ ಬೆಳೆಸಿದ್ದಕ್ಕೂ ಅಷ್ಟೇ ಹೆಸರಾಗಿದ್ದರು; 1971ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಇಂದಿಗೂ ಹವ್ಯಾಸಿಗಳನ್ನು ಒಂದೆಡೆ ಸೇರಿಸುತ್ತಿದೆ. ಆದರೆ ಸ್ಪರ್ಧೆಗಳ ಅಂಕಗಳನ್ನು ವಿಮರ್ಶೆಯೆಂದು ತಿಳಿಯಬೇಡಿ. ತೀರ್ಪುಗಾರರು ಒಂದೊಂದು ಚಿತ್ರಕ್ಕೆ ಕೆಲವೇ ಸೆಕೆಂಡು ಕೊಡುತ್ತಾರೆ, ಚಿತ್ರ ಏಕೆ ಬಿದ್ದುಹೋಯಿತೆಂದು ಅಂಕ ಹೇಳುವುದಿಲ್ಲ.

ಇಬ್ಬರು ತದ್ವಿರುದ್ಧ ಸಲಹೆ ಕೊಟ್ಟರೆ ಎರಡನ್ನೂ ಮಾಡಿ ನೋಡಿ, ಒಂದು ವಾರ ಬಿಟ್ಟು ಅಕ್ಕಪಕ್ಕದಲ್ಲಿಟ್ಟು ನೀವೇ ಆರಿಸಿ. ಬಹುಮತಕ್ಕೆ ಮಣಿಯಬೇಕಾಗಿಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ಲೆನ್ಸಿನೊಳಗೆ ಫಂಗಸ್ ಬರುತ್ತದೆ. ಡ್ರೈ ಕ್ಯಾಬಿನೆಟ್ (ತೇವಾಂಶ ನಿಯಂತ್ರಿಸುವ ಪೆಟ್ಟಿಗೆ) ಕೊಳ್ಳಲೇಬೇಕೇ?
— ಓದುಗರೊಬ್ಬರು, ಸಾಗರ

ಉತ್ತರ: ಒಂದೆರಡು ಲೆನ್ಸ್‌ಗಳಿಗೆ ಬೇಕಿಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ತೇವಾಂಶ ತೋರಿಸುವ ಚಿಕ್ಕ ಮೀಟರು ಸಾಕು; ಒಳಗೆ ಶೇ 40ರಿಂದ 50ರಷ್ಟು ತೇವಾಂಶ ಇರುವಂತೆ ನೋಡಿಕೊಳ್ಳಿ. ಚರ್ಮದ ಕೇಸಿನಲ್ಲಾಗಲಿ, ಸ್ಪಂಜಿನ ಒಳಮೈಯ ಬ್ಯಾಗಿನಲ್ಲಾಗಲಿ ತಿಂಗಳುಗಟ್ಟಲೆ ಇಡಬೇಡಿ, ಅವು ತೇವ ಹಿಡಿಯುತ್ತವೆ. ನೀಲಿ ಸಿಲಿಕಾ ಜೆಲ್ ಗುಲಾಬಿಯಾದಾಗ ಬಿಸಿಮಾಡಿ ಒಣಗಿಸಬಹುದು, ಆದರೆ ಅದರಲ್ಲಿ ಕೋಬಾಲ್ಟ್ ಇರುವುದರಿಂದ ಅಡುಗೆಯ ಪಾತ್ರೆ ಬಳಸಬೇಡಿ. ಎಸಿ ಕಾರಿನಿಂದ ಇಳಿಯುವ ಮೊದಲೇ ಕ್ಯಾಮೆರಾವನ್ನು ಜಿಪ್ ಕವರಿನಲ್ಲಿ ಮುಚ್ಚಿಡಿ, ಹೊರಗಿನ ಬಿಸುಪಿಗೆ ಹೊಂದಿಕೊಂಡ ಮೇಲೆ ತೆಗೆಯಿರಿ. ಫಂಗಸ್ ಬಂದಾಗಿದ್ದರೆ ತಡಮಾಡದೆ ಬಲ್ಲ ತಂತ್ರಜ್ಞರಿಗೆ ಕೊಡಿ. ಬೆಳೆಯಲು ಬಿಟ್ಟರೆ ಅದು ಗಾಜಿನ ಮೇಲಿನ ಲೇಪವನ್ನೇ ತಿನ್ನುತ್ತದೆ. ಮೇಲೆ ಪ್ರಶ್ನೆ ಕೇಳಿರುವ ಪುತ್ತೂರಿನವರು ಬಳಸಿದ ಲೆನ್ಸ್ ಕೊಳ್ಳುವುದಾದರೆ ಒಂದು ಕಡೆಯಿಂದ ಟಾರ್ಚ್ ಹಿಡಿದು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಲಿ: ಫಂಗಸ್ ಜೇಡರ ಬಲೆಯಂತೆ ಕವಲೊಡೆದು ಕಾಣುತ್ತದೆ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿದು ಕ್ಯಾಮೆರಾ ಮೂಲೆ ಸೇರುವ ಹೊತ್ತಿಗೇ ಕರಾವಳಿಯಲ್ಲಿ ಮಳೆ ಹತ್ತಿರವಾಗುವುದರಿಂದ ಅವರಿಗೂ ಈ ಡಬ್ಬಿ ಬೇಕು.

ಪ್ರಶ್ನೆ: ನಮ್ಮ ತೋಟದಲ್ಲಿ ಗೂಡಿನಲ್ಲಿರುವ ಮರಿಗಳ ಚಿತ್ರಗಳಿಗೆ ಗುಂಪಿನಲ್ಲಿ ಬಹಳ ಮೆಚ್ಚುಗೆ ಸಿಗುತ್ತದೆ. ಅಡ್ಡ ಬರುವ ಎಲೆಗಳನ್ನು ಸ್ವಲ್ಪ ಸರಿಸಿ ತೆಗೆಯಬಹುದೇ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಕೂಡದು. ಆ ಎಲೆಗಳು ಮರಿಗಳಿಗೆ ನೆರಳು. ಕಾಗೆ, ಹಾವುಗಳ ಕಣ್ಣಿನಿಂದ ಅವನ್ನು ಮರೆಮಾಡುವುದೂ ಅವೇ. ನೀವು ಹತ್ತಿರ ನಿಂತಷ್ಟು ಹೊತ್ತು ತಾಯಿಹಕ್ಕಿ ಗುಟುಕು ಕೊಡಲು ಬರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಕಾಡುಹಕ್ಕಿಗಳ ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದನ್ನೂ ಬೇಟೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ರಂಗನತಿಟ್ಟಿನಂಥ ಕಡೆ ಅರಣ್ಯ ಇಲಾಖೆಯ ದೋಣಿಯಿಂದ, ಅವರು ಕಾಯ್ದುಕೊಳ್ಳುವ ಅಂತರದಲ್ಲಿ ಗೂಡುಗಳನ್ನು ನೋಡುವುದು ಬೇರೆ ಮಾತು. ಗುಂಪಿನಲ್ಲಿ ಇಂಥ ಚಿತ್ರ ಬಂದಾಗ ಹೊಗಳುವ ಮೊದಲು ಎಷ್ಟು ದೂರದಿಂದ, ಏನನ್ನು ಸರಿಸಿ ತೆಗೆದಿರಿ ಎಂದು ಕೇಳಿ. ನಿಮ್ಮ ತೋಟದ ಮರಿಗಳು ಗೂಡು ಬಿಟ್ಟು ಹೊರಬಂದ ಮೇಲೆ ಕೊಂಬೆಯ ಮೇಲೆ ಕೂತು ಗುಟುಕಿಗಾಗಿ ಬಾಯ್ತೆರೆಯುವುದನ್ನು 200 ಅಥವಾ 300 ಮಿ.ಮೀ. ಲೆನ್ಸಿನಿಂದ, ಜಗಲಿಯಲ್ಲೇ ಕೂತು ತೆಗೆಯಲು ಪ್ರಯತ್ನಿಸಿ. ಬಂದ ಚಿತ್ರವನ್ನು ನಮಗೂ ಕಳುಹಿಸಿ.