ಡೆಂಗಿಗೆ ಮಾತ್ರೆ ಯಾಕಿನ್ನೂ ಬಂದಿಲ್ಲ?

ಪ್ರಶ್ನೆ: ನೀರು ನಿಂತು ಸೊಳ್ಳೆಯಾಗದಂತೆ ತೋಟದಲ್ಲಿ ಬಿದ್ದ ಅಡಿಕೆ ಹಾಳೆಗಳನ್ನೆಲ್ಲ ಹೆಕ್ಕಿ ಕವುಚಿ ಹಾಕಿದರೂ ಕಳೆದ ಮಳೆಗಾಲ ಮನೆಯಲ್ಲಿ ಮೂವರಿಗೆ ಡೆಂಗಿ ಬಂತು. ಎಂ.ಎಸ್ಸಿ. ಓದುವ ಮಗಳ ಪ್ರಯೋಗದಲ್ಲಿ ಒಂದು ಗಿಡದ ಸಾರ ಡೆಂಗಿ ವೈರಸ್ಸಿನ ಕಿಣ್ವವನ್ನು ತಡೆದಿದೆಯಂತೆ. ಅದನ್ನೇ ಕಷಾಯ ಮಾಡಿ ಕುಡಿಯಬಹುದೇ?
– ಅಡಿಕೆ ಕೃಷಿಕರು, ಪೆರ್ಲ

ಉತ್ತರ: ಕುಡಿಯಬೇಡಿ. ಆದರೆ ಮಗಳು ಹಿಡಿದ ದಾರಿ ಒಳ್ಳೆಯದೇ. ಡೆಂಗಿ ವೈರಸ್ ನಮ್ಮ ಜೀವಕೋಶ ಹೊಕ್ಕು ಸುಮಾರು 3,400 ಅಮೈನೊ ಆಮ್ಲಗಳ ಒಂದೇ ಉದ್ದದ ಪ್ರೋಟೀನ್ ಸರ ಮಾಡಿಸಿಕೊಳ್ಳುತ್ತದೆ. ಅದು 10 ತುಂಡಾದರೆ ಮಾತ್ರ ಹೊಸ ವೈರಸ್ ಹುಟ್ಟೀತು. ಕೆಲವು ಕಡೆ ನಮ್ಮದೇ ಕಿಣ್ವಗಳು ಕತ್ತರಿಸಿಕೊಡುತ್ತವೆ. ಉಳಿದದ್ದಕ್ಕೆ ವೈರಸ್ಸಿನದ್ದೇ ಕತ್ತರಿಯಂಥ ಕಿಣ್ವ ಇದೆ, ಹೆಸರು ಎನ್‌ಎಸ್3. ಇಂಥದೇ ಕತ್ತರಿಯನ್ನು ಕಟ್ಟಿಹಾಕುವ ಮದ್ದು ಎಚ್‌ಐವಿಗೆ 1995ರಿಂದಲೇ ಇದೆ.

ಪ್ರಯೋಗದಲ್ಲಿ ಕತ್ತರಿ ಆಡಿದಾಗ ದ್ರಾವಣ ನೀಲಿಯಾಗಿ ಹೊಳೆಯುತ್ತದೆ. ಸಾರ ಹಾಕಿದರೆ ಹೊಳಪು ಆರುತ್ತದೆ. ನೋಡಿದವರಿಗೆ ಮೈ ಜುಮ್ಮೆನ್ನುವುದು ನಿಜ, ಮೋಸ ಹೋಗುವುದೂ ಅಲ್ಲೇ. ಎಳೆ ಅಡಿಕೆ ಜಗಿದಾಗ ಬಾಯಿ ಒಗರಾಗಿ ಬಿಗಿಯುತ್ತದಲ್ಲ, ಅದರ ಚೊಗರಿನಲ್ಲಿರುವ ಟ್ಯಾನಿನ್ ಎಂಬ ರಾಸಾಯನಿಕ ಜೊಲ್ಲಿನ ಪ್ರೋಟೀನಿಗೆ ಅಂಟುವುದರಿಂದ ಹಾಗಾಗುವುದು. ಗಿಡದ ಸಾರದಲ್ಲಿ ಅದೇ ಟ್ಯಾನಿನ್ ಇದ್ದರೆ ಎದುರು ಸಿಕ್ಕಿದ ಕಿಣ್ವಕ್ಕೆಲ್ಲ ಮೆತ್ತಿಕೊಳ್ಳುತ್ತದೆ. ಮಗಳು ಇಂಥ ಅಂಟು ಬಿಡಿಸುವ ಡಿಟರ್ಜೆಂಟ್ ಚೂರು ಸೇರಿಸಿ ಮತ್ತೆ ನೋಡಲಿ, ಟ್ರಿಪ್ಸಿನ್ ಮೇಲೂ ಪರೀಕ್ಷಿಸಲಿ. ಟ್ರಿಪ್ಸಿನ್ ನಮ್ಮ ಕರುಳಿನ ಜೀರ್ಣಕಿಣ್ವ, ಅದೂ ಎನ್‌ಎಸ್3 ಹಾಗೆ ಆರ್ಜಿನಿನ್, ಲೈಸಿನ್ ಎಂಬ ಅಮೈನೊ ಆಮ್ಲ ಇರುವಲ್ಲೇ ಕತ್ತರಿಸುತ್ತದೆ. ಎರಡನ್ನೂ ಸಮಾನವಾಗಿ ನಿಲ್ಲಿಸುವ ಸಾರ ಮದ್ದಾಗಲಾರದು.

ಇನ್ನೊಂದು ತೊಡಕು ಎನ್‌ಎಸ್3ರ ಆಕಾರದ್ದು. ಮದ್ದು ಕೂರಬೇಕಾದ ಗುಳಿ ಬಟ್ಟಲಿನಂತಿಲ್ಲ, ತಟ್ಟೆಯಂತೆ ಚಪ್ಪಟೆ. ಅಲ್ಲಿ ಹಿಡಿದು ನಿಲ್ಲುವ ಅಣುಗಳಿಗೆ ಹೆಚ್ಚಾಗಿ ಧನ ವಿದ್ಯುದಾವೇಶ ಬೇಕು; ಅದಿದ್ದರೆ ಜೀವಕೋಶದ ಎಣ್ಣೆಯಂಥ ಪೊರೆ ದಾಟುವುದು ಕಷ್ಟ. ಮೇಲಾಗಿ ಡೆಂಗಿಯಲ್ಲಿ 4 ಬಗೆ, ನಾಲ್ಕಕ್ಕೂ ಹೊಂದಬೇಕು.

ಸಮಯವೂ ಕೈಕೊಡುತ್ತದೆ. ರಕ್ತದಲ್ಲಿ ವೈರಸ್ ಹೆಚ್ಚಿರುವುದು ಜ್ವರದ ಮೊದಲ ದಿನಗಳಲ್ಲಿ, ನಾವು ಆಸ್ಪತ್ರೆಗೆ ಹೋಗುವ ಹೊತ್ತಿಗೆ ಅದು ಇಳಿಯತೊಡಗಿರುತ್ತದೆ. ವೈರಸ್ಸಿನ ನಕಲು ಮಾಡುವ ಕಿಣ್ವದ ಮೇಲೆ ಗುರಿಯಿಟ್ಟ ಬಲಾಪಿರಾವಿರ್ ಎಂಬ ಮದ್ದನ್ನು ವಿಯೆಟ್ನಾಂನ ರೋಗಿಗಳಿಗೆ ಬೇಗನೇ ಕೊಟ್ಟು ನೋಡಿದರೂ ವೈರಸ್ಸೂ ತಗ್ಗಲಿಲ್ಲ, ಜ್ವರವೂ ತಗ್ಗಲಿಲ್ಲ.

ಮನೆಯಲ್ಲಿ ಮತ್ತೆ ಜ್ವರ ಬಂದರೆ ವೈದ್ಯರು ಹೇಳಿದಷ್ಟು ಪ್ಯಾರಾಸಿಟಮಾಲ್, ಧಾರಾಳ ಗಂಜಿನೀರು. ಆಸ್ಪಿರಿನ್, ಐಬುಪ್ರೊಫೆನ್ ಬೇಡವೇ ಬೇಡ. ಜ್ವರ ಬಿಟ್ಟಿತೆಂದು ಸಮಾಧಾನಪಡುವ ದಿನವೇ ಹೆಚ್ಚು ಜಾಗ್ರತೆ ಬೇಕು: ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ರಾತ್ರಿಯಾದರೂ ಆಸ್ಪತ್ರೆಗೆ ಕರೆದೊಯ್ಯಿರಿ.